ಮೇಲೇಳದ ಬಾವುಟ

ಪಡೆಯಲ್ಲಿ ಆಕೆಯನ್ನು ಎಲ್ಲರೂ 'ಕಿವಿ' ಎಂದೇ ಕರೆಯುತ್ತಿದ್ದರು. ಹೆಡ್ ಕಾನ್‌ಸ್ಟೇಬಲ್ ಎಂಬ ಹುದ್ದೆ, ತೋಳಿನ ಮೇಲೆ ಪಟ್ಟಿ, ಎದೆಯ ಮೇಲೆ ಬಿಲ್ಲೆ ಎಲ್ಲವೂ ಇದ್ದವು. ಆದರೂ ಹಾಜರಿ ಕರೆಯುವವನ ಬಾಯಿಗೆ ಮೊದಲು ಬರುತ್ತಿದ್ದುದು ಆ ಎರಡಕ್ಷರವೇ. ಆಕೆ ಅದಕ್ಕೆ ಸಿಟ್ಟಾದವಳಲ್ಲ. ಬೇರೆಯವರು ಪದಕ ತೋರಿಸುವ ಹಾಗೆ ಆಕೆ ಆ ಅಡ್ಡಹೆಸರನ್ನು ತೋರಿಸಿಕೊಂಡು ತಿರುಗುತ್ತಿದ್ದಳು.

ಹೆಸರು ಬಂದದ್ದು ಕೆಲಸದಿಂದ. ಜನ ಸೇರಿದ ಕಡೆ ಲಾಠಿ ಎತ್ತುವ ಮುಂಚೆ ಎಚ್ಚರಿಕೆ ಕೊಡಬೇಕು ಎನ್ನುವುದು ಪೊಲೀಸರಿಗೆಲ್ಲ ಬಾಯಿಪಾಠ. ಕೊಟ್ಟ ಎಚ್ಚರಿಕೆ ಯಾರ ಕಿವಿಗಾದರೂ ಬಿತ್ತೇ ಎಂದು ತಲೆ ಕೆಡಿಸಿಕೊಂಡವರು ಮಾತ್ರ ಕಡಿಮೆ. ಆ ಪಡೆಯ ಇನ್‌ಸ್ಪೆಕ್ಟರ್ ಸಾಹೇಬರು ತಲೆ ಕೆಡಿಸಿಕೊಂಡಿದ್ದರು. ಅವರು ಮಾಡಿದ ಕಟ್ಟಳೆ ಸರಳವಾಗಿತ್ತು. ಗುಂಪಿನ ಮುಂದೆ ನಿಂತು ಅವರು ಮೆಗಾಫೋನಿನಲ್ಲಿ ಮಾತಾಡುತ್ತಾರೆ. ಗುಂಪಿನ ತೀರಾ ಹಿಂದೆ, ಕೊನೆಯ ಸಾಲಿನ ಆಚೆ, ಪಡೆಯ ಒಬ್ಬರು ಹಳದಿ ಬಾವುಟ ಹಿಡಿದು ನಿಂತಿರುತ್ತಾರೆ. ಹೇಳಿದ ಮಾತು ಅಲ್ಲಿಗೆ ಸ್ಪಷ್ಟವಾಗಿ ಮುಟ್ಟಿದರೆ ಬಾವುಟ ಮೇಲೇಳುತ್ತದೆ. ಮುಟ್ಟದಿದ್ದರೆ ಏಳುವುದಿಲ್ಲ. ಏಳದಿದ್ದರೆ ಸಾಹೇಬರು ಇನ್ನೂ ಮುಂದೆ ಬಂದು, ಇನ್ನೂ ಜೋರಾಗಿ, ಮತ್ತೆ ಹೇಳಬೇಕು. ಬಾವುಟ ಏಳುವವರೆಗೆ ಯಾರ ಲಾಠಿಯೂ ಸೊಂಟದಿಂದ ಮೇಲೆ ಬರಬಾರದು.

ಬಾವುಟ ಹಿಡಿಯುವ ಕೆಲಸ ಆಕೆಯ ಪಾಲಿಗೆ ಬಂದದ್ದು ಸುಮ್ಮನೆ ಅಲ್ಲ. ಗಂಡನದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮದುವೆಯಾದಾಗಿನಿಂದ 'ಹಲೋ, ಹಲೋ, ಕೇಳಿಸ್ತಾ?' ಎಂಬ ಪ್ರಶ್ನೆಗೆ ಮೈದಾನದ ಆ ತುದಿಯಿಂದ ಉತ್ತರ ಕೊಟ್ಟು ಕೊಟ್ಟು ಆಕೆಯ ಕಿವಿ ಪಳಗಿತ್ತು. ಕೇಳುವಾಗ ಆಕೆ ಕಣ್ಣು ಮುಚ್ಚಿಬಿಡುತ್ತಿದ್ದಳು. ಹೊಸಬರು ಅದನ್ನು ನೋಡಿ, ನಿಂತಲ್ಲೇ ನಿದ್ದೆ ಹೊಡೆಯುವ ಹೆಡ್ ಕಾನ್‌ಸ್ಟೇಬಲ್ ಎಂದು ನಗುತ್ತಿದ್ದರು. "ಕಣ್ಣು ತೆಗೆದಿದ್ರೆ ಅರ್ಧ ಗಮನ ಅದೇ ತಿಂದುಬಿಡುತ್ತೆ ಕಣ್ರಪ್ಪ. ನೀವು ನೋಡಿ, ನಾನು ಕೇಳ್ತೀನಿ. ಕೆಲಸ ಹಂಚ್ಕೊಳ್ಳೋಣ," ಎನ್ನುತ್ತಿದ್ದಳು. ಇಷ್ಟು ವರ್ಷದಲ್ಲಿ ಆಕೆಯ ಬಾವುಟ ಒಮ್ಮೆಯೂ ತಪ್ಪಿರಲಿಲ್ಲ. ಎಷ್ಟೋ ಸಲ ಬಾವುಟ ಎದ್ದದ್ದೇ ತಡ, ಜನ ಗೊಣಗುತ್ತ ಎದ್ದು ಮನೆಗೆ ಹೋಗಿದ್ದರು. ಲಾಠಿಗೆ ಕೆಲಸವೇ ಬಿದ್ದಿರಲಿಲ್ಲ. ಅದು ಸಾಹೇಬರಿಗೂ ಹೆಮ್ಮೆ, ಆಕೆಗೂ ಹೆಮ್ಮೆ.

ಹೆರಿಗೆ ಆಸ್ಪತ್ರೆಯ ಮುಂದಿನ ಬೀದಿಯಲ್ಲಿ ಆ ಹೆಮ್ಮೆಗೆ ಪೆಟ್ಟು ಬಿತ್ತು.

ಆಸ್ಪತ್ರೆಯನ್ನು ಮುಚ್ಚಿ, ಹೆರಿಗೆಗಳನ್ನೆಲ್ಲ ಊರಾಚೆಯ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತೇವೆ ಎಂದು ನಗರಸಭೆ ಹೇಳಿತ್ತು. ಹೆಂಗಸರು ಬೀದಿಯಲ್ಲಿ ಕೂತರು. ಪ್ರತಿಯೊಬ್ಬಳೂ ತನ್ನ ಮಗುವನ್ನು ಹುಟ್ಟಿದ ದಿನ ಸುತ್ತಿದ್ದ ಬಟ್ಟೆಯನ್ನು ತಂದು ಮಡಿಲಲ್ಲಿಟ್ಟುಕೊಂಡಿದ್ದಳು. ಬಿಳಿ, ಹೂವಿನದು, ಒಗೆದು ಒಗೆದು ಬಣ್ಣ ಯಾವುದೆಂದೇ ಗೊತ್ತಾಗದ್ದು, ಹೀಗೆ. ಅವರ ಮುಂದಾಳು ಆ ಆಸ್ಪತ್ರೆಯಲ್ಲೇ ಕೆಲಸ ಮಾಡಿ ನಿವೃತ್ತಳಾದ ನರ್ಸ್. ಊರಿಗೆಲ್ಲ ಆಕೆ 'ದೊಡ್ಡ ಸಿಸ್ಟರ್'. ಊರಿನ ಅರ್ಧ ಜನ ಮೊದಲ ಸಲ ಅತ್ತದ್ದು ಆಕೆಯ ಕೈಯಲ್ಲಿ. ಪಡೆಯ ಹುಡುಗರಲ್ಲೂ ಹಲವರು ಆ ಲೆಕ್ಕಕ್ಕೆ ಸೇರಿದವರೇ. ಬಿಸಿಲು ಜೋರಾಗಿದ್ದರಿಂದ ಬಸುರಿಯರನ್ನೆಲ್ಲ ಹಿಂದೆ, ಕಾಂಪೌಂಡ್ ಗೋಡೆಯ ನೆರಳಿನಲ್ಲಿ ಕೂರಿಸಿ, ದೊಡ್ಡ ಸಿಸ್ಟರ್ ತಾನೂ ಅಲ್ಲೇ ಇದ್ದಳು. ಆ ಬಸುರಿಯರಲ್ಲಿ ಕಿವಿಯ ನಾದಿನಿಯೂ ಒಬ್ಬಳು, ಎಂಟು ತಿಂಗಳ ಹೊಟ್ಟೆ ಹೊತ್ತು ಬಂದಿದ್ದಳು. "ಹೋಗಬೇಡ ಅಂದ್ರೆ ಹೋಗ್ತೀಯ, ಅದಕ್ಕೇ ನಾನು ಏನೂ ಅನ್ನಲ್ಲ," ಎಂದು ಬೆಳಿಗ್ಗೆ ಅತ್ತಿಗೆ ಹೇಳಿದ್ದಳು. "ಏನೂ ಅನ್ನದಿದ್ರೂ ಹೋಗ್ತೀನಿ ಅತ್ತಿಗೆ," ಎಂದು ನಾದಿನಿ ನಕ್ಕಿದ್ದಳು.

ಕಿವಿ ನಿಂತದ್ದು ಬೀದಿಯ ಕೊನೆಯಲ್ಲಿದ್ದ ಔಷಧದ ಅಂಗಡಿಯ ಮೆಟ್ಟಿಲ ಮೇಲೆ. ಸಾಹೇಬರು ಮೆಗಾಫೋನ್ ಎತ್ತಿದರು. ಆಕೆ ಕಣ್ಣು ಮುಚ್ಚಿದಳು. ಹೆಂಗಸರು ಆಕೆಯ ಗಂಡನ ಅಂಗಡಿಯಿಂದಲೇ ಬಾಡಿಗೆಗೆ ತಂದಿದ್ದ ಎರಡು ಧ್ವನಿವರ್ಧಕಗಳು ಹಿಂದಿನವರಿಗೂ ಕೇಳಲೆಂದು ಆಕೆಯ ಕಡೆಗೇ ಬಾಯಿ ತೆರೆದಿದ್ದವು. ಅವುಗಳಿಂದ ಹೊಮ್ಮುತ್ತಿದ್ದ ಹೆಂಗಸರ ಘೋಷಣೆಯ ಅಬ್ಬರದಲ್ಲಿ ಸಾಹೇಬರ ಮಾತು ಕೊರಕೊರ ಎಂಬ ಸದ್ದಾಗಿ ಬಂದು ಅಲ್ಲೇ ಸತ್ತಿತು. ಒಂದು ಶಬ್ದವೂ ತಿಳಿಯಲಿಲ್ಲ. ಬಾವುಟವನ್ನು ತೊಡೆಗೆ ಒತ್ತಿ ಹಿಡಿದು ಆಕೆ ಮುಂದಿನ ಸಲಕ್ಕೆ ಕಾದಳು. ಮತ್ತೆ ಅದೇ ಕೊರಕೊರ. ಇನ್ನು ಸಾಹೇಬರು ಮುಂದೆ ಬರುತ್ತಾರೆ ಎಂದುಕೊಳ್ಳುತ್ತಿರುವಾಗಲೇ ಗಾಜು ಒಡೆದ ಸದ್ದು ಕೇಳಿತು. ಪಕ್ಕದ ಗಲ್ಲಿಯಿಂದ ಯಾರೋ ಎಸೆದ ಬಾಟಲಿ ಒಬ್ಬ ಕಾನ್‌ಸ್ಟೇಬಲ್‌ನ ಹಣೆ ಸೀಳಿತ್ತು. ಆಕೆ ಕಣ್ಣು ಬಿಟ್ಟಾಗ ಲಾಠಿಗಳು ಎದ್ದಾಗಿತ್ತು.

ಓಡಿ ಗೋಡೆಯ ಹತ್ತಿರ ಹೋಗುವಷ್ಟರಲ್ಲಿ ನಾದಿನಿ ನೆಲದ ಮೇಲಿದ್ದಳು. ಆಕೆಯ ಮೇಲೆ ಬೀಳಬೇಕಿದ್ದ ಏಟಿಗೆ ದೊಡ್ಡ ಸಿಸ್ಟರ್ ಕೈ ಅಡ್ಡ ಕೊಟ್ಟಿದ್ದಳು. ಮೂಳೆ ಮುರಿದ ಸದ್ದನ್ನು ಕಿವಿ ಕಣ್ಣು ತೆರೆದುಕೊಂಡೇ ಕೇಳಿದಳು.

ಹೊಟ್ಟೆಯ ಮಗುವಿಗೆ ಏನೂ ಆಗಲಿಲ್ಲ. ಡಾಕ್ಟರು ನಾದಿನಿಗೆ ಮಲಗಿರಬೇಕೆಂದು ಹೇಳಿ ಮನೆಗೆ ಕಳಿಸಿದರು. ಆದರೆ ಎಚ್ಚರಿಕೆ ಕೇಳಿಯೂ ಕದಲಲಿಲ್ಲ ಎಂದು ದೊಡ್ಡ ಸಿಸ್ಟರ್ ಮೇಲೂ ಅಲ್ಲಿದ್ದ ಹೆಂಗಸರ ಮೇಲೂ ಕೇಸು ಬಿತ್ತು. ನಾದಿನಿಯ ಹೆಸರೂ ಅದರಲ್ಲಿತ್ತು.

ಊರಿಗೆ ಬೇರೆ ಮಾತೇ ಇಲ್ಲದಂತಾಯಿತು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಟಿವಿಯಲ್ಲಿ ಅದೇ. ಪೊಲೀಸರು ಮನುಷ್ಯರೇ ಅಲ್ಲ, ಲಾಠಿಯನ್ನೇ ಕಿತ್ತುಕೊಳ್ಳಬೇಕು ಎಂದು ಒಬ್ಬರು. ಬಾಟಲಿ ಎಸೆದವರ ಕೊರಳಿಗೆ ಹಾರ ಹಾಕಬೇಕಿತ್ತೇ ಎಂದು ಇನ್ನೊಬ್ಬರು. ಅಲ್ಲಿ ಇಲ್ಲದವರೇ ಎಲ್ಲರಿಗಿಂತ ಚೆನ್ನಾಗಿ ನೋಡಿದ್ದರು. ಟಿವಿಯಲ್ಲಿ ಒಬ್ಬ ಮಹಾಶಯರು ಲಾಠಿಯ ಉದ್ದವನ್ನು ಕೈಯಗಲಿಸಿ ತೋರಿಸಿದರು, ಅಷ್ಟುದ್ದದ ಲಾಠಿ ಹಿಡಿಯಬೇಕಾದರೆ ಇಬ್ಬರು ಬೇಕು. ಕೊನೆಗೆ ನಗರಸಭೆ, ನಿವೃತ್ತ ನ್ಯಾಯಾಧೀಶೆಯೊಬ್ಬರನ್ನು ಕೂರಿಸಿ, ಪುರಭವನದಲ್ಲಿ ಬಹಿರಂಗ ವಿಚಾರಣೆ ಮಾಡಿಸುತ್ತೇವೆ, ಯಾರು ಬೇಕಾದರೂ ಬಂದು ಮಾತಾಡಿ ಎಂದಿತು. ಬಲ ಪ್ರಯೋಗ ಸರಿಯೋ ತಪ್ಪೋ, ಕೇಸು ಉಳಿಯಬೇಕೋ ರದ್ದಾಗಬೇಕೋ, ಅವರು ಹೇಳಿದಂತೆ ಎಂದು ಪೊಲೀಸ್ ಇಲಾಖೆಯೂ ಒಪ್ಪಿತು.

ವಿಚಾರಣೆಯ ಹಿಂದಿನ ದಿನ ಸಾಹೇಬರು ಕಿವಿಗೆ ಹೇಳಿಕಳಿಸಿದರು.

ಇಷ್ಟು ದಿನ ಇಬ್ಬರೂ ಆ ವಿಷಯ ಎತ್ತಿರಲಿಲ್ಲ. ಆಕೆಗೆ ಒಳಗೊಳಗೇ ಕುದಿತ. ತಾನೇ ಮಾಡಿದ ಕಟ್ಟಳೆಯನ್ನು ಈ ಮನುಷ್ಯ ಒಂದು ಬಾಟಲಿಗೆ ಗಾಳಿಗೆ ತೂರಿಬಿಟ್ಟನಲ್ಲ ಎಂದು. ತಪ್ಪು ಮಾಡಿದವರು ತಾವಾಗಿಯೇ ಬಾಯಿ ಬಿಡಲಿ ಎಂದು ಹಲ್ಲು ಕಚ್ಚಿಕೊಂಡಿದ್ದಳು. ಸಾಹೇಬರ ಕೋಣೆಯಲ್ಲಿ ಮೆಗಾಫೋನ್ ಬೀರುವಿನ ಮೇಲೆ ಚಾರ್ಜಿಗೆ ಹಾಕಿತ್ತು. ಕಿಟಕಿಯಾಚೆ ಮೈದಾನದಲ್ಲಿ ಹುಡುಗರು ಗುರಾಣಿ ಹಿಡಿದು ಸಾಲು ಕಟ್ಟುತ್ತಿದ್ದರು.

"ಕೂತ್ಕೋ," ಎಂದರು ಸಾಹೇಬರು. "ನಾಳೆ ನಿಂದು ಒಂದೇ ಮಾತು. ಕೇಳಿಸ್ತು, ಬಾವುಟ ಎತ್ತಿದೆ. ಅಷ್ಟು ಹೇಳಿ ಇಳಿದುಬಿಡು. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಯಾವ ಬಾವುಟ ಸರ್?"

"ಯಾವ ಬಾವುಟ ಅಂದ್ರೇನು? ನಿನ್ನ ಬಾವುಟ."

"ನಾನು ಎತ್ತಲೇ ಇಲ್ವಲ್ಲ ಸರ್."

ಸಾಹೇಬರು ಮೊದಲು ತಮಾಷೆಯೆಂದು ತಿಳಿದು ಅರ್ಧ ನಕ್ಕರು. ಆಕೆಯ ಮುಖ ನೋಡಿ ಆ ನಗು ಅಲ್ಲೇ ನಿಂತಿತು.

"ನಾನು ಕಣ್ಣಾರೆ ಕಂಡಿದೀನಿ. ಎರಡ್ನೇ ಸಲ ಹೇಳ್ತಿದ್ದಾಗ ಹಿಂದುಗಡೆ ಹಳದಿ ಮೇಲೆ ಹೋಯ್ತು. ಚೆನ್ನಾಗಿ, ಕೈ ಪೂರ್ತಿ ಎತ್ತಿ."

"ನನ್ನ ಬಾವುಟ ತೊಡೆ ಬಿಟ್ಟು ಅಲ್ಲಾಡ್ಲಿಲ್ಲ ಸರ್. ನೀವೇ ಬಾವುಟಕ್ಕೆ ಕಾಯದೆ ಹೊಡೆಸಿದ್ರಿ ಅಂದ್ಕೊಂಡಿದ್ದೆ ನಾನು."

"ನಾನು? ಕಾಯದೆ?" ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಅಲ್ಲಮ್ಮ, ಆ ಕಟ್ಟಳೆಗೋಸ್ಕರ ಮೇಲಿನವರ ಹತ್ರ ಎಷ್ಟು ಉಗಿಸ್ಕೊಂಡಿದೀನಿ ಅಂತ ನಿನಗೆ ಗೊತ್ತಿಲ್ವಾ? ಹುಡುಗನ ಹಣೆಯಿಂದ ರಕ್ತ ಸುರೀತಿತ್ತು. ಆದ್ರೂ ನಾನು ಮೊದಲು ಯೋಚನೆ ಮಾಡಿದ್ದು ಅದನ್ನೇ. ಬಾವುಟ ಎದ್ದಾಗಿದೆ, ಇವರಿಗೆ ಕೇಳಿಸಿದೆ, ಕೇಳಿಸಿಯೂ ಕೂತಿದಾರೆ ಅಂತ. ಆಮೇಲೇ ಕೈ ಬೀಸಿದ್ದು."

ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ ಎಂದು ಆಕೆಗೆ ತಟ್ಟನೆ ಹೊಳೆಯಿತು. ಸುಳ್ಳು ಹೇಳಿದ್ದರೆ ಜಗಳ ಆಡಬಹುದಿತ್ತು.

"ನನ್ನ ಕೈ ಏನು ಮಾಡ್ತು ಅಂತ ನನಗೆ ಗೊತ್ತಿರಲ್ವಾ ಸರ್?"

ಸಾಹೇಬರು ಕಿಟಕಿಯ ಕಡೆ ತಿರುಗಿದರು. ದನಿ ತಗ್ಗಿಸಿ, "ನಿನ್ನ ನಾದಿನಿ ಹೆಸರು ಕೇಸಲ್ಲಿದೆ ಅಲ್ವಾ?" ಎಂದರು.

ನಾದಿನಿಗಾಗಿ ಸುಳ್ಳು ಹೇಳುತ್ತಿದ್ದೀಯ ಎಂಬ ಆ ಅನುಮಾನಕ್ಕೆ ಉರಿದಷ್ಟು, ಹತ್ತು ಜನರ ಎದುರು ಕೆನ್ನೆಗೆ ಬಾರಿಸಿದ್ದರೂ ಆಕೆಗೆ ಉರಿಯುತ್ತಿರಲಿಲ್ಲ. ಹೇಗೆ ನಿಲ್ಲಬೇಕು, ಎಲ್ಲಿ ನಿಲ್ಲಬೇಕು, ಗದ್ದಲದಲ್ಲಿ ಒಂದು ದನಿಯನ್ನು ಹೇಗೆ ಹುಡುಕಬೇಕು ಎಂದು ಕಲಿಸಿದವರು ಇವರೇ. ಆಕೆ ಎದ್ದು ನಿಂತು ಸಲ್ಯೂಟ್ ಹೊಡೆದಳು.

"ನಾಳೆ ಕೇಳಿದ್ದಕ್ಕೆ ಉತ್ತರ ಕೊಡ್ತೀನಿ ಸರ್. ಇದ್ದದ್ದು ಇದ್ದ ಹಾಗೆ."

"ನಾನೂ ಅಷ್ಟೇ. ನೋಡಿದ್ದನ್ನ ನೋಡಿದೆ ಅಂತಲೇ ಹೇಳ್ತೀನಿ," ಎಂದರು ಸಾಹೇಬರು, ತಿರುಗದೆ.

ಸಂಜೆ ಮನೆಯಲ್ಲಿ ಗಂಡ ನಡುಮನೆಯ ತುಂಬ ವೈರು ಹರಡಿಕೊಂಡು ಕೂತಿದ್ದ. ಪುರಭವನದ ಮೈಕಿನ ಗುತ್ತಿಗೆಯೂ ಅವನದೇ. ಪ್ರತಿಭಟನೆಗೂ ಅವನ ಮೈಕು, ವಿಚಾರಣೆಗೂ ಅವನ ಮೈಕು. ಬೀದಿಯವರು ಅದನ್ನು ಎತ್ತಿ ಆಡಿದರೆ, "ಬೆಂಕಿ ಹಚ್ಚೋರಿಗೂ ಆರಿಸೋರಿಗೂ ನೀರು ಕೊಡೋನು ಒಬ್ಬನೇ ಇದ್ರೆ ತಪ್ಪೇನು?" ಎನ್ನುತ್ತಿದ್ದ. ಬೆಂಕಿ ಹಚ್ಚುವವರಿಗೆ ನೀರು ಯಾಕೆ ಎಂದು ಯಾರೂ ಅವನನ್ನು ಕೇಳಿರಲಿಲ್ಲ.

ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ ಅವನು ತಲೆ ಕೆರೆದುಕೊಂಡ. "ಅಲ್ವೇ, ಕೇಳಿಸ್ತು ಅಂದ್ರೆ ನನ್ನ ತಂಗಿ ತುಂಬಿದ ಹೊಟ್ಟೆ ಹೊತ್ಕೊಂಡು ಕೋರ್ಟಿಗೆ ಅಲೀಬೇಕು. ಕೇಳಿಸ್ಲಿಲ್ಲ ಅಂದ್ರೆ ನಿನ್ನ ಗುರುಗಳ ತಲೆದಂಡ. ನೀನು ನೆನಪಿಲ್ಲ ಅಂದುಬಿಡು. ವಯಸ್ಸಾಯ್ತು, ಮರೆವು ಅಂತ."

"ವಯಸ್ಸಾಗಿದ್ದು ನಿಮಗೆ. ನನಗೆ ನೆನಪಿಲ್ದೇ ಇರೋದು ಅಂತ ಒಂದಿದ್ರೆ ಅದು ನಮ್ಮ ಮದುವೆ ದಿನ ನೀವು ಸುಮ್ನಿದ್ದ ಒಂದು ನಿಮಿಷ."

ಅವನು ನಗಲಿಲ್ಲ. ವೈರಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಆ ಸ್ಪೀಕರ್‌ನ ನಾನೇ ಹಿಂದಕ್ಕೆ ತಿರುಗಿಸಿದ್ದು ಕಣೇ. ಹಿಂದೆ ಕೂತ ಬಸುರಿಯರಿಗೂ ಕೇಳ್ಲಿ ಅಂತ," ಎಂದ.

"ಗೊತ್ತು. ನೀವು ತಿರುಗಿಸಿದ್ದಕ್ಕೆ ಕೇಳಿಸ್ಲಿಲ್ಲ. ಕೇಳಿಸ್ಲಿಲ್ಲ ಅಂದ್ರೆ ಬಾವುಟ ಏಳಲ್ಲ. ಬಾವುಟ ಏಳ್ಲಿಲ್ಲ ಅಂದ್ರೆ ಲಾಠಿ ಏಳ್ಬಾರ್ದು. ತಪ್ಪು ಸ್ಪೀಕರ್‌ದಲ್ಲ."

ಬಾಗಿಲ ಬಳಿಯ ಮಂಚದಲ್ಲಿ ನಾದಿನಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬೀದಿಯಲ್ಲಿ ಬಿದ್ದ ದಿನದಿಂದ ಅತ್ತಿಗೆಯ ಜೊತೆ ಮಾತು ಬಿಟ್ಟಿದ್ದಳು. ಸಮವಸ್ತ್ರ ಹಾಕಿದವರೆಲ್ಲ ಆಕೆಯ ಪಾಲಿಗೆ ಒಂದೇ ಆಗಿದ್ದರು. ಈಗ ಗೋಡೆಗೇ ಹೇಳುವಂತೆ, "ಅಣ್ಣಾ, ಅತ್ತಿಗೆಗೆ ಹೇಳು. ನನಗೋಸ್ಕರ ಅಂತ ಯಾರೂ ಏನೂ ಹೇಳೋದು ಬೇಡ," ಎಂದಳು.

"ಅವಳಿಗೆ ಹೇಳ್ರಿ," ಎಂದಳು ಕಿವಿ, ಮೂರು ಮಾರು ದೂರದಿಂದ. "ನಾನು ಯಾರಿಗೋಸ್ಕರಾನೂ ಹೇಳ್ತಿಲ್ಲ. ನನ್ನ ಬಾವುಟ ನಾನು ಎತ್ತಲಿಲ್ಲ. ಎತ್ತಿದೆ ಅಂತ ಇಡೀ ಊರು ಹೇಳಿದ್ರೂ ಎತ್ತಲಿಲ್ಲ."

ಗಂಡ ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿ, ಮತ್ತೆ ವೈರು ಸುತ್ತತೊಡಗಿದ.

ಮರುದಿನ ಪುರಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವಿನ ದಾರಿ ಬಿಟ್ಟು ಎಡಗಡೆ ಹೆಂಗಸರು, ಬಲಗಡೆ ಪೊಲೀಸರ ಮನೆಯವರು, ಅಂಗಡಿಯವರು. ಹಣೆಗೆ ಪಟ್ಟಿ ಕಟ್ಟಿದ ಕಾನ್‌ಸ್ಟೇಬಲ್ ಬಲಗಡೆ ಮೊದಲ ಸಾಲಿನಲ್ಲಿದ್ದ. ದೊಡ್ಡ ಸಿಸ್ಟರ್ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಎಡಗಡೆ ಮೊದಲ ಸಾಲಿನಲ್ಲಿದ್ದಳು. ಡಾಕ್ಟರು ಬೇಡವೆಂದರೂ ಕೇಳದೆ ನಾದಿನಿ ಆಕೆಯ ಪಕ್ಕದಲ್ಲಿ ದಿಂಬು ಒರಗಿಕೊಂಡು ಕೂತಿದ್ದಳು. ವೇದಿಕೆಯ ಮೇಲೆ ನ್ಯಾಯಾಧೀಶೆ ಕನ್ನಡಕ ಒರೆಸುತ್ತಿದ್ದರು, ಮುಂದೆ ಏನೇನು ನೋಡಬೇಕೋ ಎಂಬಂತೆ.

ಮೊದಲೆರಡು ತಾಸು ಬರೀ ಕೂಗಾಟ. ವರ್ತಕರ ಸಂಘದ ಅಧ್ಯಕ್ಷರು ಎದೆ ತಟ್ಟಿಕೊಂಡು, "ಪೊಲೀಸರ ಕೈ ಕಟ್ಟಿಹಾಕಿದ್ರೆ ನಾಳೆ ನಮ್ಮ ಅಂಗಡಿ ಶಟರು ಯಾರು ಕಾಯ್ತಾರೆ?" ಎಂದರು. ಹೆಂಗಸರ ಪರ ಬಂದ ಯುವ ವಕೀಲ ಗಂಟಲು ಹರಿದುಕೊಂಡು, "ಎಚ್ಚರಿಕೆ ಕೊಟ್ಟಿದ್ದೇ ಶುದ್ಧ ಸುಳ್ಳು! ಯಾರಿಗೂ ಏನೂ ಕೇಳಿಲ್ಲ!" ಎಂದ. ಹಣೆಗೆ ಪಟ್ಟಿ ಕಟ್ಟಿದ ಹುಡುಗನ ತಾಯಿ ಎದ್ದು, "ನನ್ನ ಮಗ ಯಾರ ಮಗನೂ ಅಲ್ವಾ?" ಎಂದು ಕೇಳಿದಾಗ ಮಾತ್ರ ಎರಡೂ ಕಡೆ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಮತ್ತೆ ಶುರು. ಮೈಕು ಯಾರ ಕೈಗೆ ಹೋದರೂ ಕಿವಿಯ ಗಂಡ ವಾಲ್ಯೂಮ್ ತಗ್ಗಿಸುತ್ತ ಬೆವರುತ್ತಿದ್ದ.

ಸಾಹೇಬರು ಎದ್ದು ನಿಂತರು. ದನಿ ಏರಿಸದೆ, ಇಳಿಸದೆ, ಬಾವುಟದ ಕಟ್ಟಳೆಯನ್ನು ಸಭೆಗೆ ವಿವರಿಸಿದರು. ಹೊರಗಿನವರಿಗೆ ಅದು ಗೊತ್ತಾದದ್ದು ಅದೇ ಮೊದಲು. ಎಡಗಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಬಾವುಟ ಎದ್ದಿತು. ಅದನ್ನು ನಾನು ನೋಡಿದೆ. ನೋಡಿಯೇ ಮುಂದಿನ ಹೆಜ್ಜೆ ಇಟ್ಟೆ," ಎಂದು ಕೂತರು. ಬಲಗಡೆ ಚಪ್ಪಾಳೆ.

ಕಿವಿಯ ಸರದಿ ಬಂತು. ಆಕೆ ಬಾವುಟ ಹಿಡಿದುಕೊಂಡೇ ಮೈಕಿನ ಮುಂದೆ ಹೋದಳು. ಕಾಲು ನಡುಗುತ್ತಿರಲಿಲ್ಲ. ನಡುಗಬೇಕಾದದ್ದು ತನ್ನ ಕಾಲಲ್ಲ ಎಂಬುದು ಆಕೆಗೆ ಖಾತ್ರಿಯಿತ್ತು.

"ನನ್ನ ಕೆಲಸ ಕೇಳೋದು ಮೇಡಂ. ಅವತ್ತು ಸಾಹೇಬರು ಮಾತಾಡಿದ್ದು ನಿಜ. ವಕೀಲರು ಹೇಳೋ ಹಾಗೆ ಎಚ್ಚರಿಕೆ ಕೊಡ್ಲೇ ಇಲ್ಲ ಅನ್ನೋದು ಸುಳ್ಳು. ಆದ್ರೆ ಒಂದಕ್ಷರಾನೂ ಹಿಂದಕ್ಕೆ ಮುಟ್ಲಿಲ್ಲ. ನಾನು ಬಾವುಟ ಎತ್ತಲಿಲ್ಲ."

ಎರಡೂ ಕಡೆಯಿಂದ ಒಟ್ಟಿಗೆ ಸಿಡಿಯಿತು. ವರ್ತಕರ ಅಧ್ಯಕ್ಷರು ಎದ್ದು, "ಆಕೆ ನಾದಿನಿ ಅಲ್ಲೇ ಕೂತಿದಾಳೆ ನೋಡಿ ಮೇಡಂ! ಮನೆಯವರನ್ನ ಉಳಿಸೋಕೆ ಹೇಳ್ತಿದಾಳೆ!" ಎಂದರು. ವಕೀಲನೂ ಬಿಡಲಿಲ್ಲ. "ಇದು ಪೊಲೀಸರ ಹೊಸ ನಾಟಕ. ಒಬ್ಬರು ಎದ್ದಿತು ಅನ್ನೋದು, ಒಬ್ಬರು ಏಳಲಿಲ್ಲ ಅನ್ನೋದು. ಕೊನೆಗೆ ಯಾರದೂ ತಪ್ಪಿಲ್ಲ ಅನ್ನೋದು!" ಬೈಯುವುದರಲ್ಲಾದರೂ ಇಡೀ ಸಭೆ ಒಂದಾಯಿತು.

ನ್ಯಾಯಾಧೀಶೆ ಮೇಜು ಬಡಿದರು. "ನೀವು ಎತ್ತಲಿಲ್ಲ ಅಂತೀರಿ. ಅವರು ನೋಡಿದೆ ಅಂತಾರೆ. ಹಾಗಿದ್ರೆ ಅವರು ನೋಡಿದ್ದೇನಮ್ಮ?"

"ಗೊತ್ತಿಲ್ಲ ಮೇಡಂ. ಆಗ ನಾನು ಕಣ್ಣು ಮುಚ್ಚಿದ್ದೆ."

ಸಭೆ ಹೋ ಎಂದು ನಕ್ಕಿತು. ಬಲಗಡೆಯಲ್ಲಿದ್ದ ಪಡೆಯ ಹುಡುಗರೂ ನಕ್ಕರು. ಯಾವ ಕೆಲಸಕ್ಕೆ ಆಕೆ ಇಷ್ಟು ವರ್ಷ ತಲೆಯೆತ್ತಿ ತಿರುಗಿದ್ದಳೋ ಅದೇ ಕೆಲಸ ಈಗ ಊರಿನ ನಗೆಗೆ ಬಿತ್ತು. ಒಂದು ಕಣ್ಣು ತೆರೆದಿದ್ದರೆ ಸಾಕಿತ್ತು, ಮೇಲೆ ಹೋದ ಹಳದಿ ಯಾವುದೆಂದು ಕಂಡು ಕೂಗಿಯಾದರೂ ಹೇಳಬಹುದಿತ್ತು ಎಂದು ಮೊದಲ ಸಲ ಅನ್ನಿಸಿತು. ಆದರೂ ಮೈಕು ಬಿಡಲಿಲ್ಲ. "ನಗಿ, ಪರವಾಗಿಲ್ಲ," ಎಂದಳು. "ನಾನು ನೋಡಿದ್ದು ಏನೂ ಇಲ್ಲ. ಕೇಳಿದ್ದು ಮಾತ್ರ ಹೇಳ್ತೀನಿ. ಅದು ಕೊರಕೊರ ಅನ್ನೋ ಸದ್ದು. ಅದನ್ನ ಕೇಳಿ ಯಾರಾದ್ರೂ ಮನೆಗೆ ಹೋಗೋಕಾಗಲ್ಲ. ಹೋಗಲಿಲ್ಲ ಅಂತ ಕೇಸು ಹಾಕೋಕೂ ಆಗಲ್ಲ."

ಎಡಗಡೆಯಿಂದ ದೊಡ್ಡ ಸಿಸ್ಟರ್ ಎದ್ದು ನಿಂತಳು. ಆಕೆ ಎದ್ದದ್ದು ನೋಡಿ ನಗು ತಾನಾಗಿಯೇ ಇಳಿಯಿತು. ಆಕೆ ನೋಡುತ್ತಿದ್ದುದು ಕಿವಿಯನ್ನಲ್ಲ, ಸಾಹೇಬರನ್ನು.

"ಹಳದಿ ಅಂದ್ರಲ್ಲಪ್ಪ, ಎಲ್ಲಿ ನೋಡಿದ್ರಿ ಅದನ್ನ?"

"ಹಿಂದೆ. ಗೋಡೆ ಪಕ್ಕ," ಎಂದರು ಸಾಹೇಬರು.

"ಔಷಧದ ಅಂಗಡಿ ಹತ್ರಾನಾ, ನೆರಳಿನ ಹತ್ರಾನಾ?"

ಸಾಹೇಬರು ಉತ್ತರ ಕೊಡಲು ಬಾಯಿ ತೆರೆದವರು ಹಾಗೇ ನಿಂತರು. ನೆನಪಿನಲ್ಲಿ ಆ ಬೀದಿಯನ್ನು ಮತ್ತೆ ನೋಡುತ್ತಿರುವುದು ಅವರ ಮುಖದಲ್ಲೇ ಕಾಣುತ್ತಿತ್ತು. "ನೆರಳು," ಎಂದರು ಕೊನೆಗೆ. "ನೆರಳಿನ ಹತ್ರ."

ದೊಡ್ಡ ಸಿಸ್ಟರ್ ಸರಿಯಿದ್ದ ಕೈಯಿಂದ ಚೀಲ ತೆರೆದು ಮಡಿಚಿದ ಬಟ್ಟೆಯೊಂದನ್ನು ತೆಗೆದಳು. ಪಕ್ಕದಲ್ಲಿದ್ದ ನಾದಿನಿ ಅದರ ಇನ್ನೊಂದು ತುದಿ ಹಿಡಿದಳು. ಆಸ್ಪತ್ರೆಯ ಉಗ್ರಾಣದಲ್ಲಿ ಉಳಿದಿದ್ದ, ಯಾವ ಮಗುವನ್ನೂ ಇನ್ನೂ ಸುತ್ತದ, ಹೊಚ್ಚ ಹೊಸ ಹಳದಿ ಬಟ್ಟೆ.

"ಉಳಿದವರೆಲ್ಲ ಮಕ್ಕಳ ಬಟ್ಟೆ ತಂದಿದ್ರು. ನನಗೆ ಮಕ್ಕಳಿಲ್ಲ. ಅದಕ್ಕೆ ಉಗ್ರಾಣದಿಂದ ಒಂದು ತಗೊಂಡೆ. ನೀವು ನೋಡಿದ್ದು ಇದು. ಎತ್ತಿದ್ದು ಈ ಕೈ." ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಯಿಂದ ಸ್ವಲ್ಪ ಮುಂದೆ ಮಾಡಿದಳು.

"ಯಾಕೆ?" ಸಾಹೇಬರ ದನಿ ಮೈಕಿಲ್ಲದೆಯೂ ಕೊನೆಯವರೆಗೆ ಕೇಳಿಸಿತು. "ಯಾಕೆ ಎತ್ತಿದ್ರಿ ಸಿಸ್ಟರ್?"

"ನೀವು ಏನೋ ಮಾತಾಡ್ತಿರೋದು ದೂರದಿಂದ ಕಾಣಿಸ್ತು. ಏನು ಅಂತ ಕೇಳಿಸ್ಲಿಲ್ಲ. ಅದಕ್ಕೆ ಬಟ್ಟೆ ಎತ್ತಿ ಹೆಂಗಸರಿಗೆಲ್ಲ, ಸ್ವಲ್ಪ ಸುಮ್ನಿರ್ರೇ, ಅವರೇನೋ ಹೇಳ್ತಿದಾರೆ, ಕೇಳೋಣ ಅಂದೆ."

ವಕೀಲ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ. ಕಿವಿ ಮೈಕಿನ ಕಂಬ ಹಿಡಿದುಕೊಂಡಳು. ತಾನು ಸತ್ಯ ಹೇಳಿದ್ದಳು, ಸಾಹೇಬರೂ ಸತ್ಯ ಹೇಳಿದ್ದರು, ಈ ಹೆಂಗಸು ಪೊಲೀಸರ ಮಾತಿಗೆ ದಾರಿ ಮಾಡಿಕೊಡಲೆಂದು ಎತ್ತಿದ ಕೈಯನ್ನೇ ಪೊಲೀಸರ ಲಾಠಿ ಮುರಿದಿತ್ತು. ಆಕೆಗೆ ಅಳು ಬಂತು. ಸಮವಸ್ತ್ರದಲ್ಲಿದ್ದೇನೆ ಎಂದು ತಡೆಯಲೂ ಇಲ್ಲ.

ದೊಡ್ಡ ಸಿಸ್ಟರ್ ಕೂರಲಿಲ್ಲ. "ಈಗ ಎಲ್ಲರೂ ಸುಮ್ನಿದಾರೆ. ಅವತ್ತು ಹೇಳಿದ್ದನ್ನ ಈಗ ಹೇಳಿಬಿಡಿ. ಏನಂತ ನಮಗೂ ಗೊತ್ತಾಗ್ಲಿ," ಎಂದಳು.

ಅದರಲ್ಲಿ ಕುಹಕವಿರಲಿಲ್ಲ. ವಾರ್ಡಿನಲ್ಲಿ ಕಂಗಾಲಾದ ಗಂಡಂದಿರಿಗೆ ಬಿಸಿನೀರು ತಾ ಎಂದು ಹೇಳಿದ್ದ ದನಿ ಅದು. ಸಾಹೇಬರು ಮೈಕಿನ ಬಳಿ ಬಂದರು. ಕಿವಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಇದು ಪೊಲೀಸ್ ಎಚ್ಚರಿಕೆ," ಎಂದು ಶುರು ಮಾಡಿದರು. ಸಾವಿರ ಸಲ ಹೇಳಿದ ಮಾತು ನಾಲಿಗೆಗೆ ತೊಡರುತ್ತಿತ್ತು. "ನೀವು ಈ ಜಾಗ ಬಿಟ್ಟು ಹೊರಡಬೇಕು. ಹೊರಡಲು ನಿಮಗೆ ಸಮಯ ಕೊಡುತ್ತೇವೆ. ವಯಸ್ಸಾದವರು, ಮಕ್ಕಳು, ಗರ್ಭಿಣಿಯರು ಇದ್ದರೆ ಮೊದಲು ಅವರನ್ನು ಕಳಿಸಿ. ಹೊರಡದಿದ್ದರೆ ಬಲ ಪ್ರಯೋಗಿಸಬೇಕಾಗುತ್ತದೆ."

ಮುಗಿಯಿತು.

ನ್ಯಾಯಾಧೀಶೆ ಮುಂದಕ್ಕೆ ಬಾ‌ಗಿ ಕೇಳಿದರು. "ಇದು ಕೇಳಿಸಿದ್ದರೆ ನೀವು ಎದ್ದು ಹೋಗ್ತಿದ್ರಾ ಸಿಸ್ಟರ್?"

ವಕೀಲ ಆಕೆಯ ತೋಳು ಮುಟ್ಟಿ 'ಹೌದು ಅನ್ನಿ' ಎಂಬಂತೆ ಕಣ್ಣು ಸನ್ನೆ ಮಾಡಿದ. ಆಕೆ ಅವನ ಕಡೆ ನೋಡಲೂ ಇಲ್ಲ.

"ಇಲ್ಲ ಮೇಡಂ. ನಾನು ಏಳ್ತಿರಲಿಲ್ಲ. ಹೊಡೀಲಿ ಅಂತ ಅಲ್ಲೇ ಕೂತಿರ್ತಿದ್ದೆ." ಆಕೆ ಪಕ್ಕದಲ್ಲಿದ್ದ ನಾದಿನಿಯ ತಲೆಯ ಮೇಲೆ ಕೈಯಿಟ್ಟಳು. "ಈ ಬಸುರಿಯರನ್ನ ಮಾತ್ರ ಎಬ್ಬಿಸಿ ಕಳಿಸ್ತಿದ್ದೆ."

ಸಾಹೇಬರು ಇನ್ನೂ ಮೈಕಿನ ಮುಂದೆಯೇ ಇದ್ದರು. ಕಿವಿಯ ಕಡೆ ಒಮ್ಮೆ ನೋಡಿದರು. ನಿನ್ನೆ ನಾದಿನಿಯ ಹೆಸರೆತ್ತಿ ಆಡಿದ ಮಾತಿಗೆ ಆ ನೋಟದಲ್ಲಿ ಕ್ಷಮೆ ಕೇಳಿದ್ದು ಆಕೆಗೆ ತಿಳಿಯಿತು, ಆಕೆ ತಲೆಯಾಡಿಸಿದಳು. ಆಮೇಲೆ ಅವರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ವೇದಿಕೆಯ ಕಡೆ ತಿರುಗಿದರು.

"ಬರ್ಕೊಳ್ಳಿ ಮೇಡಂ," ಎಂದರು. "ಎಚ್ಚರಿಕೆ ಕೇಳಿಸಿರಲಿಲ್ಲ. ನನ್ನ ಹೆಡ್ ಕಾನ್‌ಸ್ಟೇಬಲ್ ಬಾವುಟ ಎತ್ತಿರಲಿಲ್ಲ. ಇನ್ನೊಂದು ಸಲ ತಿರುಗಿ ನೋಡೋಕೆ ನನಗೆ ಸಮಯ ಇತ್ತು. ನೋಡದೆ ಹೊಡೆಸಿದ್ದು ನಾನು."